ಹದಿಹರೆಯದ ಆತಂಕ: ಮಾತ್ರೆ ಬೇಕಾ, ಬೇಡವಾ?

ಪಿಯುಸಿ ಓದುವ ಮಗನನ್ನೋ ಮಗಳನ್ನೋ ಕರೆದುಕೊಂಡು ಬರುವ ಅಪ್ಪ ಅಮ್ಮ ಕೂರುವ ಮೊದಲೇ ಒಂದು ಮಾತು ಹೇಳುತ್ತಾರೆ. "ಡಾಕ್ಟ್ರೇ, ಮಾತ್ರೆ ಮಾತ್ರ ಬರೀಬೇಡಿ. ಸ್ವಲ್ಪ ಬುದ್ಧಿ ಹೇಳಿ ಸಾಕು." ಇನ್ನು ಕೆಲವರದು ಇದಕ್ಕೆ ಪೂರ್ತಿ ಉಲ್ಟಾ. "ಮುಂದಿನ ತಿಂಗಳು ಪರೀಕ್ಷೆ. ಬೇಗ ಸರಿಹೋಗೋ ಹಾಗೆ ಏನಾದ್ರೂ ಕೊಡಿ." ಎರಡರ ಹಿಂದೆಯೂ ಇರುವುದು ಮಗುವಿನ ಮೇಲಿನ ಕಾಳಜಿಯೇ. ಆದರೆ ಮಾತ್ರೆಯ ಮಾತಿಗೆ ಬರುವ ಮೊದಲು ನಾನು ಮಗುವನ್ನು ಒಂದು ಪ್ರಶ್ನೆ ಕೇಳುತ್ತೇನೆ: "ಈ ಭಯದಿಂದ ಏನೇನು ಮಾಡೋದು ಬಿಟ್ಟಿದ್ದೀಯ?" ಚಿಕಿತ್ಸೆ ಯಾವ ದಾರಿ ಹಿಡಿಯಬೇಕು ಅನ್ನುವುದು ಬಹುಪಾಲು ಆ ಉತ್ತರದಲ್ಲೇ ಇರುತ್ತದೆ.

ಪರೀಕ್ಷೆಯ ಹಿಂದಿನ ದಿನ ಎದೆ ಡವಡವ ಅನ್ನುವುದು ಕಾಯಿಲೆಯಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದು ಹತ್ತು ನಿಮಿಷ ಬರೆದರೆ ಅದು ತಾನಾಗಿ ಇಳಿಯುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಕಾಲೇಜಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬಂದು ಹನ್ನೊಂದು ಗಂಟೆಗೆ ಮಾಯವಾಗುತ್ತಿದ್ದರೆ, ಗೆಳೆಯರ ಜೊತೆ ಸೇರುವುದು ನಿಂತಿದ್ದರೆ, ಆಗ ಗಮನ ಕೊಡಲೇಬೇಕು.

ನಮ್ಮಲ್ಲಿ ಎಷ್ಟೋ ಮಕ್ಕಳ ಆತಂಕ ಮೊದಲು ಕಾಣಿಸುವುದು ಹೊಟ್ಟೆಯಲ್ಲಿ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ, ಸ್ಕ್ಯಾನಿಂಗ್ ಆಗಿ, ಇಸಿಜಿ ಆಗಿ, ನಡುವೆ ದೃಷ್ಟಿ ತೆಗೆಸಿ, ಕೊನೆಗೆ ದಪ್ಪ ಫೈಲ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡುವುದು ಒಳ್ಳೆಯದೇ. ಎನರ್ಜಿ ಡ್ರಿಂಕ್, ಕಾಫಿ ಎಷ್ಟು ಕುಡಿಯುತ್ತಾರೆ ಅಂತಲೂ ಕೇಳಬೇಕು. ಆದರೆ ರಿಪೋರ್ಟೆಲ್ಲ ನಾರ್ಮಲ್ ಬಂದ ಮೇಲೆ "ನಿನಗೇನೂ ಇಲ್ಲ, ಸುಮ್ನೆ ನಾಟಕ" ಅನ್ನುವುದು ತಪ್ಪು. ಆ ನೋವು ನಿಜ. ಅಪಾಯ ಇದೆ ಎಂದು ಮೆದುಳು ಎಣಿಸಿದಾಗ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಕರುಳಿನ ಕೆಲಸ ಏರುಪೇರಾಗುತ್ತದೆ. ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮುಜುಮು ಅನ್ನುತ್ತವೆ, ತಲೆ ಹಗುರಾಗುತ್ತದೆ. "ನಾನು ಸತ್ತೇ ಹೋಗ್ತೀನಿ" ಅಂತ ಅನ್ನಿಸುವುದು ಆಗಲೇ. ಈ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ. ಇಷ್ಟು ತಿಳಿದರೇ ಅರ್ಧ ಭಯ ಹೋಗುವ ಮಕ್ಕಳನ್ನು ನೋಡಿದ್ದೇನೆ.

ಭಯವನ್ನು ಬೆಳೆಸುವುದು ತಪ್ಪಿಸಿಕೊಳ್ಳುವ ಅಭ್ಯಾಸ. ಇವತ್ತು ಕಾಲೇಜಿಗೆ ಹೋಗದಿದ್ದರೆ ಎಷ್ಟು ನಿರಾಳ! ಆ ನಿರಾಳದಿಂದ ಮೆದುಳು ಒಂದು ಪಾಠ ಕಲಿಯುತ್ತದೆ: ಅಲ್ಲಿ ಅಪಾಯ ಇತ್ತು, ಹೋಗದೇ ಇದ್ದುದರಿಂದ ಬಚಾವಾದೆ. ನಾಳೆ ಭಯ ಇನ್ನೂ ಜಾಸ್ತಿ. ಮಾತ್ರೆ ಇರಲಿ ಇಲ್ಲದಿರಲಿ, ಚಿಕಿತ್ಸೆಯ ತಿರುಳು ಈ ಸುತ್ತನ್ನು ಮುರಿಯುವುದು.

ಅದು ಹೇಗೆ ಅಂತ ಹೇಳಲು, ನಾನು ನೋಡಿದ ಹಲವು ಮಕ್ಕಳನ್ನು ಸೇರಿಸಿ ಒಬ್ಬ ಹುಡುಗಿಯ ಹಾಗೆ ವಿವರಿಸುತ್ತೇನೆ. ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಕನ್ನಡ ಮೀಡಿಯಂ. ಒಳ್ಳೆಯ ಅಂಕ ಬಂತು ಅಂತ ಪಟ್ಟಣದ ಕಾಲೇಜಿನಲ್ಲಿ ಸೈನ್ಸ್ ಸೇರಿಸಿದರು. ಅಲ್ಲಿ ಎಲ್ಲವೂ ಇಂಗ್ಲಿಷ್. ಹಾಜರಿ ಕರೆಯುವಾಗ ಇವಳಿಗೆ ದನಿಯೇ ಹೊರಡದು. ಪಕ್ಕದವಳು "ಬಂದಿದ್ದಾಳೆ ಮ್ಯಾಮ್" ಅಂತ ಕೈ ತೋರಿಸಬೇಕು. ವೈವಾ ಇರುವ ದಿನ ವಾಂತಿ. ಮೆಲ್ಲಗೆ ಪ್ರಾಕ್ಟಿಕಲ್ ಕ್ಲಾಸುಗಳೇ ತಪ್ಪತೊಡಗಿದವು.

ನಾವಿಬ್ಬರೂ ಕೂತು ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಏಣಿ ಬರೆದೆವು. ಪ್ರತಿ ಮೆಟ್ಟಿಲಿಗೂ ಭಯ ಹತ್ತಕ್ಕೆ ಎಷ್ಟು ಅಂತ ಅವಳೇ ಅಂಕ ಕೊಡಬೇಕು. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಉಳಿದ ಚಿಲ್ಲರೆ ಕೇಳುವುದಕ್ಕೆ ಮೂರು. "ಪ್ರೆಸೆಂಟ್ ಮ್ಯಾಮ್" ಅಂತ ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳುವುದಕ್ಕೆ ನಾಲ್ಕು. ಕ್ಲಾಸ್ ಮುಗಿದ ಮೇಲೆ ಲೆಕ್ಚರರ್ ಹತ್ತಿರ ಡೌಟ್ ಕೇಳುವುದಕ್ಕೆ ಆರು. ಅದೇ ಡೌಟ್ ಎಲ್ಲರೆದುರು ಕೇಳುವುದಕ್ಕೆ ಎಂಟು. ವೈವಾ ಒಂಬತ್ತು. ಸೆಮಿನಾರ್‌ಗೆ ಅವಳು ಕೊಟ್ಟ ಅಂಕ ಹನ್ನೆರಡು!

ಕೆಳಗಿನಿಂದ ಶುರು. ಒಂದೊಂದು ಮೆಟ್ಟಿಲನ್ನೂ ಮತ್ತೆ ಮತ್ತೆ ಮಾಡಬೇಕು, ಭಯ ಇರುವಾಗಲೇ ಮಾಡಬೇಕು. "ಧೈರ್ಯ ಬಂದ ಮೇಲೆ ಹೋಗ್ತೀನಿ" ಅಂತ ಕಾದರೆ ಆ ದಿನ ಬರುವುದಿಲ್ಲ. ಮಾಡಿದ ಮೇಲೆ ಎರಡು ಸಾಲು ಬರೆಯಬೇಕು: ಏನಾಗುತ್ತೆ ಅಂದುಕೊಂಡಿದ್ದೆ, ನಿಜವಾಗಿ ಏನಾಯಿತು. "ಎಲ್ಲರೂ ನಗ್ತಾರೆ ಅಂದ್ಕೊಂಡಿದ್ದೆ. ಇಬ್ಬರು ತಿರುಗಿ ನೋಡಿದ್ರು ಅಷ್ಟೆ." ಇಂಥ ಸಾಲುಗಳು ಸೇರಿದಷ್ಟೂ ನನ್ನ ಉಪದೇಶದ ಅಗತ್ಯ ಕಡಿಮೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಸಿಬಿಟಿ ಅನ್ನುತ್ತಾರಲ್ಲ, ಅದರ ಮುಖ್ಯ ಭಾಗ ಇದೇ. ನಿಧಾನವಾಗಿ ಉಸಿರು ಬಿಡುವುದು, ಸಂಜೆ ಆಟ, ಸರಿಯಾದ ನಿದ್ದೆ ಇವೆಲ್ಲ ಖಂಡಿತ ನೆರವಾಗುತ್ತವೆ. ಏಣಿ ಹತ್ತುವ ಕೆಲಸವನ್ನು ಮಾತ್ರ ಅವು ಮಾಡಲಾರವು.

ಇಂಥ ಹುಡುಗಿಗೆ ನಾನು ಮಾತ್ರೆ ಬರೆಯದೆ ಶುರು ಮಾಡುತ್ತೇನೆ. ಆದರೆ ಇನ್ನೊಬ್ಬ ಹುಡುಗನಿರುತ್ತಾನೆ. ಎರಡು ತಿಂಗಳಿಂದ ಕಾಲೇಜಿಲ್ಲ, ರಾತ್ರಿ ಮೂರಕ್ಕೆ ನಿದ್ದೆ, ಬಸ್‌ಸ್ಟ್ಯಾಂಡ್ ನೋಡಿದರೆ ಗಾಬರಿ, ಮೊದಲ ಮೆಟ್ಟಿಲಿಗೇ ಹತ್ತಕ್ಕೆ ಹತ್ತು ಭಯ. ಅವನಿಗೆ "ಏಣಿ ಹತ್ತು" ಅಂತ ಬರೀ ಬಾಯಲ್ಲಿ ಹೇಳಿ ಕಳಿಸುವುದು ಕ್ರೌರ್ಯ. ಅಲ್ಲಿ ಮಾತ್ರೆ ಬೇಕು. ಅದು ಭಯವನ್ನು ಹತ್ತರಿಂದ ಆರಕ್ಕೆ ಇಳಿಸಿದರೆ ಅವನು ಕಾಲಿಡಬಲ್ಲ.

ಇದನ್ನು ಬರೀ ನನ್ನ ಅನುಭವದಿಂದ ಹೇಳುತ್ತಿಲ್ಲ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 7ರಿಂದ 17 ವರ್ಷದ, ಆತಂಕದ ಕಾಯಿಲೆ ಇದ್ದ 488 ಮಕ್ಕಳಿದ್ದರು. 12 ವಾರದ ಕೊನೆಗೆ, ಸಿಬಿಟಿ ಮಾತ್ರ ಪಡೆದವರಲ್ಲಿ ಸುಮಾರು ಶೇ. 60, ಸರ್ಟ್ರಾಲಿನ್ ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 55 ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ಎರಡೂ ಸೇರಿದಾಗ ಶೇ. 81. ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ. 24. ಅಂದರೆ ಎರಡು ದಾರಿಯೂ ಕೆಲಸ ಮಾಡುತ್ತವೆ. ಜೊತೆಯಾದರೆ ಇನ್ನೂ ಚೆನ್ನ.

"ಇವು ನಿದ್ದೆ ಮಾತ್ರೆನಾ? ಜೀವನಪೂರ್ತಿ ತಗೋಬೇಕಾ? ಮುಂದೆ ಮದುವೆಗೆ ತೊಂದರೆ ಆಗಲ್ವಾ?" ಈ ಭಯಗಳೂ ನಿಜವಾದವೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಮೆದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ: ಸರ್ಟ್ರಾಲಿನ್, ಫ್ಲೂಆಕ್ಸೆಟಿನ್, ಎಸಿಟಾಲೊಪ್ರಾಂ. ಇವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಸಣ್ಣ ಡೋಸಿನಿಂದ ಶುರು ಮಾಡುತ್ತೇವೆ. ಮೊದಲ ಒಂದೆರಡು ವಾರ ಹೊಟ್ಟೆ ತೊಳಸಬಹುದು, ತಲೆನೋವು ಬರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಫಲಕ್ಕೆ ಇನ್ನೂ ಹೆಚ್ಚು ಬೇಕು. ಎಷ್ಟೋ ಮನೆಗಳಲ್ಲಿ ಹತ್ತನೇ ದಿನಕ್ಕೆ "ಏನೂ ಉಪಯೋಗ ಇಲ್ಲ" ಅಂತ ಬಿಡುತ್ತಾರೆ. ತೊಂದರೆಯ ದಿನಗಳನ್ನು ಅನುಭವಿಸಿ, ಒಳ್ಳೆಯ ದಿನ ಬರುವ ಮೊದಲೇ ನಿಲ್ಲಿಸಿದ ಹಾಗಾಯಿತು.

ಒಂದು ಎಚ್ಚರಿಕೆಯನ್ನು ನಾನು ಯಾರಿಗೂ ಮುಚ್ಚಿಡುವುದಿಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಖಿನ್ನತೆಗೆ ಕೊಡುವ ಈ ಬಗೆಯ ಮಾತ್ರೆಗಳ ಮೇಲೆ ಮಕ್ಕಳ ವಿಷಯದಲ್ಲಿ ಕಡ್ಡಾಯ ಎಚ್ಚರಿಕೆ ಹಾಕಿಸಿತು. ಪ್ರಯೋಗಗಳಲ್ಲಿ ಮಾತ್ರೆ ಪಡೆದ ನೂರು ಮಕ್ಕಳಲ್ಲಿ ಸುಮಾರು ನಾಲ್ವರಿಗೆ, ಹುಸಿ ಮಾತ್ರೆ ಪಡೆದವರಲ್ಲಿ ಇಬ್ಬರಿಗೆ, ಸಾಯುವ ಯೋಚನೆ ಅಥವಾ ಅಂಥ ವರ್ತನೆ ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾವ ಮಗುವೂ ಆತ್ಮಹತ್ಯೆಯಿಂದ ಸಾಯಲಿಲ್ಲ. ಹಾಗಾಗಿ ಮೊದಲ ಕೆಲವು ವಾರ ಮತ್ತು ಡೋಸ್ ಬದಲಾದಾಗ ಹತ್ತಿರದಿಂದ ಗಮನಿಸಿ. ವಿಪರೀತ ಚಡಪಡಿಕೆ, ನಿದ್ದೆಯೇ ಬೇಡ ಅನ್ನುವ ಹುರುಪು, "ನಾನಿರಬಾರದಿತ್ತು" ಅನ್ನುವ ಮಾತು ಕಂಡರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯ ಸ್ಟ್ರಿಪ್ ದೊಡ್ಡವರ ಕೈಯಲ್ಲೇ ಇರಲಿ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಕೆಲವು ಕಾಲ ಅತಿ ಹುರುಪು, ಕೆಲವು ಕಾಲ ಖಿನ್ನತೆ) ಇದ್ದರೆ ಮೊದಲೇ ಹೇಳಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆ ಮಾತ್ರೆಗಳ ವಿಷಯದಲ್ಲಿ. ಮನೆಯಲ್ಲಿ ಅಜ್ಜಿಗೋ ದೊಡ್ಡಪ್ಪನಿಗೋ ಬರೆದ ಆಲ್‌ಪ್ರಜೋಲಾಂ, ಕ್ಲೋನಜೆಪಾಂ ಇರುತ್ತದೆ. "ಅರ್ಧ ನುಂಗಿ ಮಲಗು, ನಾಳೆ ಪರೀಕ್ಷೆ" ಅಂತ ಮಗುವಿಗೆ ಕೊಡುತ್ತಾರೆ. ಇವು ಬೇಗ ಮಂಪರು ತರುತ್ತವೆ, ನೆನಪನ್ನು ಮಸುಕು ಮಾಡುತ್ತವೆ, ದಿನಾ ತೆಗೆದುಕೊಂಡರೆ ಬಿಡುವುದು ಕಷ್ಟ. ಕೈ ನಡುಗುತ್ತದೆ ಅಂತ ಗೆಳೆಯರು ಹೇಳಿದ, ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ನುಂಗುವವರೂ ಇದ್ದಾರೆ. ಆಸ್ತಮಾ ಇರುವ ಮಗುವಿಗೆ ಅದು ಅಪಾಯ.

ಅಪ್ಪ ಅಮ್ಮಂದಿರ ಪಾಲು ದೊಡ್ಡದು. ಹೊಟ್ಟೆನೋವು ಅಂದ ತಕ್ಷಣ ರಜೆ ಕೊಡಿಸುವುದು, ಅವರ ಪರವಾಗಿ ನಾವೇ ಮಾತಾಡುವುದು, ದಿನಕ್ಕೆ ಹತ್ತು ಸಲ "ಏನೂ ಆಗಲ್ಲ ಕಂದ" ಅನ್ನುವುದು, ಇವೆಲ್ಲ ಪ್ರೀತಿಯಿಂದಲೇ ಆಗುತ್ತವೆ. ಆದರೆ ಭಯಕ್ಕೆ ಬಲ ಕೊಡುತ್ತವೆ. ಯೇಲ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನ ಮಕ್ಕಳಿಗೆ ನೇರ ಚಿಕಿತ್ಸೆಯೇ ಇರಲಿಲ್ಲ. ತರಬೇತಿ ಕೊಟ್ಟದ್ದು ಪೋಷಕರಿಗೆ ಮಾತ್ರ. ಸಿಬಿಟಿ ಪಡೆದ ಮಕ್ಕಳಷ್ಟೇ ಆ ಮಕ್ಕಳೂ ಸುಧಾರಿಸಿದರು. ಮನೆಯಲ್ಲಿ ಹೀಗೆ ಹೇಳಿ ನೋಡಿ: "ನಿನಗೆ ಕಷ್ಟ ಆಗ್ತಿದೆ, ಗೊತ್ತು. ನಿನ್ನ ಕೈಲಿ ಆಗುತ್ತೆ ಅಂತಲೂ ಗೊತ್ತು. ಇವತ್ತು ಎರಡು ಪೀರಿಯಡ್ ಕೂತು ಬಾ."

ಆದರೆ ಇದನ್ನು ಹೇಳುವ ಮೊದಲು ಒಂದು ಖಚಿತ ಮಾಡಿಕೊಳ್ಳಬೇಕು. ಹಾಸ್ಟೆಲ್‌ನಲ್ಲಿ ಯಾರೋ ಹಿಂಸೆ ಕೊಡುತ್ತಿದ್ದರೆ, ಟ್ಯೂಷನ್‌ನಲ್ಲಿ ಯಾರೋ ಮೈ ಮುಟ್ಟುತ್ತಿದ್ದರೆ, ಆ ಭಯ ಸರಿಯಾಗಿಯೇ ಇದೆ. ಅಲ್ಲಿ ನಿಲ್ಲಿಸಬೇಕಾದದ್ದು ಹಿಂಸೆಯನ್ನು. ಅದಕ್ಕೇ ಪ್ರತಿ ಮಗುವಿನ ಜೊತೆ ಸ್ವಲ್ಪ ಹೊತ್ತು ನಾನೊಬ್ಬನೇ ಮಾತಾಡುತ್ತೇನೆ. ಹೊರಗೆ ಕೂರಲು ಹೇಳಿದರೆ ದಯವಿಟ್ಟು ಬೇಜಾರಾಗಬೇಡಿ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ನೀನು ಹದಿನಾರರ ಹುಡುಗನೋ ಹುಡುಗಿಯೋ ಆಗಿದ್ದು, ಮನೆಯಲ್ಲಿ ಹೇಗೆ ಹೇಳೋದು ಅಂತ ಗೊತ್ತಾಗದಿದ್ದರೆ, ಮೊದಲು ಅಲ್ಲಿಗೆ ನೀನೇ ಫೋನ್ ಮಾಡಬಹುದು.

ಇನ್ನು ಮಾತ್ರೆ ನಿಲ್ಲಿಸುವುದು. ಚೆನ್ನಾಗಿ ಸುಧಾರಿಸಿದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸುತ್ತೇವೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಿರಿಕಿರಿ ಬರುತ್ತದೆ. ಬೋರ್ಡ್ ಪರೀಕ್ಷೆ, ನೀಟ್, ಸಿಇಟಿ ಹತ್ತಿರ ಇರುವಾಗ ಇಳಿಸಬೇಡಿ. ಬೇಸಿಗೆ ರಜೆಯಲ್ಲಿ ಇಳಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಕಾಲೇಜೇ ಇಲ್ಲ. ಹಾಗಾಗಿ ಕಾಲೇಜು ಶುರುವಾಗಿ, ಒಂದೆರಡು ತಿಂಗಳು ಮಗು ನೆಮ್ಮದಿಯಿಂದ ಹೋಗಿ ಬರುತ್ತಿರುವಾಗ ಇಳಿಸಲು ಶುರು ಮಾಡುವುದು ನನ್ನ ಪದ್ಧತಿ. ಆಗ ಹಳೆಯ ಭಯ ತಲೆಯೆತ್ತಿದರೆ ಬೇಗ ಗೊತ್ತಾಗುತ್ತದೆ. ನೋಟ್‌ಬುಕ್ಕಿನ ಏಣಿಯನ್ನು ಮತ್ತೆ ತೆರೆಯಲು ಸಮಯವೂ ಇರುತ್ತದೆ.