ಪಕ್ಕದ ಸೀಟಿನ ಫೋನ್ ಕರೆ

ಗೋಡೆ ಒಡೆದು ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿದರೆ ಜನ ಜಾಸ್ತಿ ಮಾತಾಡುತ್ತಾರೆ ಎಂದು ಕಂಪನಿಗಳು ಇನ್ನೂ ನಂಬಿವೆ. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಇದನ್ನು ಅಳೆದೇ ನೋಡಿದರು. ಗೋಡೆ ತೆಗೆಯುವ ಮೊದಲೂ ಆಮೇಲೂ ಉದ್ಯೋಗಿಗಳ ಕೊರಳಿಗೆ, ಎದುರುಬದುರು ಮಾತುಕತೆಯನ್ನು ಗುರುತಿಸುವ ಸೆನ್ಸರ್ ಬ್ಯಾಡ್ಜ್ ಹಾಕಿಸಿದರು. 2018ರಲ್ಲಿ ಫಲಿತಾಂಶ ಬಂತು: ಎದುರುಬದುರು ಮಾತುಕತೆ ಸುಮಾರು ಶೇ. 70ರಷ್ಟು ಕುಸಿದಿತ್ತು. ಇಮೇಲ್ ಏರಿತ್ತು.

ಆದರೂ ಇನ್ನೊಂದು ಸಮಾಧಾನ ಕೇಳಿಬರುತ್ತದೆ: "ಆಫೀಸು ಅಂದ್ಮೇಲೆ ಸದ್ದು ಇರುತ್ತೆ, ಅಭ್ಯಾಸ ಆಗುತ್ತೆ ಬಿಡಿ." ಇದು ತಪ್ಪು, ಯಾಕೆ ತಪ್ಪು ಅನ್ನೋದು ಬಹಳ ಸೊಗಸಾದ ವಿಷಯ.

ಎಸಿಯ ಗುಂಯ್‌ಗುಟ್ಟುವ ಸದ್ದು ಸ್ವಲ್ಪ ಹೊತ್ತಿಗೆ ಕಿವಿಗೆ ಬೀಳುವುದೇ ಇಲ್ಲ. ಮಾತು ಹಾಗಲ್ಲ. 1976ರಲ್ಲಿ ಕಾಲ್ ಮತ್ತು ವೆಲ್ಷ್ ಎಂಬ ಸಂಶೋಧಕರು ಒಂದಿಷ್ಟು ಜನರಿಗೆ ಅಕ್ಷರಗಳನ್ನು ತೋರಿಸಿ, ಅದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳಲು ಹೇಳಿದರು. ಹಿನ್ನೆಲೆಯಲ್ಲಿ ಜರ್ಮನ್ ಓದು. ಕೂತವರಿಗೆ ಜರ್ಮನ್ ಬರುತ್ತಿರಲಿಲ್ಲ. ಆದರೂ ತಪ್ಪು ಹೆಚ್ಚಿತು! ದನಿ ತಗ್ಗಿಸಿದರೂ ಅಷ್ಟೇನೂ ಲಾಭವಿಲ್ಲ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಅಂದರೆ ಅರ್ಥವೂ ಬೇಕಿಲ್ಲ, ಅಬ್ಬರವೂ ಬೇಕಿಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ದನಿಯೇ ಸಾಕು. ನಾವು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವ ಸರಣಿಯೊಳಗೆ ಅದು ನುಗ್ಗುತ್ತದೆ. ಒಟಿಪಿ ಹೇಳಿಕೊಳ್ಳುತ್ತಾ ಟೈಪ್ ಮಾಡುವಾಗ ಯಾರೋ ಮಾತಾಡಿಸಿದರೆ ಆಗುತ್ತಲ್ವಾ, ಹಾಗೇ.

ಪ್ರೋಗ್ರಾಂನಲ್ಲಿ ಬಗ್, ಅಂದರೆ ತಪ್ಪು, ಹುಡುಕುವವರ ತಲೆಯಲ್ಲಿ ಓಡುವುದೂ ಇಂಥದ್ದೇ ಸರಣಿ. ಈ ವೇರಿಯಬಲ್ ಇಲ್ಲಿ ಖಾಲಿ ಆಯ್ತು, ಖಾಲಿಯಾಗಿಯೇ ಆ ಫಂಕ್ಷನ್‌ಗೆ ಹೋಯ್ತು, ಅಲ್ಲಿ ಲೂಪ್ ಎರಡನೇ ಸಲ ತಿರುಗುವಾಗ... ಅಷ್ಟರಲ್ಲಿ ಪಕ್ಕದ ಸೀಟಿನಿಂದ, "ಹೌದಾ? ಇಲ್ಲ ಇಲ್ಲ, ಮೊನ್ನೇನೇ ಕೊಟ್ನಲ್ಲ!" ಸರಣಿ ತುಂಡಾಯಿತು. ಮತ್ತೆ ಮೊದಲಿನಿಂದ ಶುರು. ಫೋನಿನ ಅರ್ಧ ಸಂಭಾಷಣೆ ಇಡೀ ಸಂಭಾಷಣೆಗಿಂತ ಹೆಚ್ಚು ಕಾಡುತ್ತದೆ ಎಂದು 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ತಂಡ ತೋರಿಸಿತು. ಆ ಕಡೆಯವರು ಏನೆಂದಿರಬಹುದು ಎಂದು ನಮ್ಮ ಮೆದುಳು ಸುಮ್ನೆ ಊಹಿಸುತ್ತಲೇ ಇರುತ್ತದೆ.

"ಹೆಡ್‌ಫೋನ್ ಹಾಕ್ಕೊಳ್ಳಿ" ಅನ್ನುವವರಿಗೆ ಒಂದು ಮಾತು: ಹಾಡಿನಲ್ಲೂ ಮಾತೇ ಇರುತ್ತದೆ.

ಇದೆಲ್ಲ ಕಂಪನಿಗಳಿಗೆ ಹೊಸ ಸುದ್ದಿಯೇನಲ್ಲ. 1970ರ ದಶಕದಲ್ಲಿ ಐಬಿಎಂ ಕ್ಯಾಲಿಫೋರ್ನಿಯಾದ ಸಾಂತಾ ತೆರೇಸಾದಲ್ಲಿ ಪ್ರೋಗ್ರಾಮರ್‌ಗಳಿಗಾಗಿಯೇ ಕಟ್ಟಡ ಕಟ್ಟಿತು. ನಕ್ಷೆ ಬರೆಯುವ ಮುಂಚೆ, ಅವರು ದಿನವಿಡೀ ಹೇಗೆ ಕೆಲಸ ಮಾಡುತ್ತಾರೆ ಎಂದು ಕೂತು ನೋಡಿತು. ತಲೆಗೆ 100 ಚದರಡಿ ಜಾಗ, 30 ಚದರಡಿ ಮೇಜು, ಸದ್ದಿನಿಂದ ರಕ್ಷಣೆ ಬೇಕು ಎಂದು ತೀರ್ಮಾನಿಸಿತು. 1980ರ ದಶಕದಲ್ಲಿ ಸಾಫ್ಟ್‌ವೇರ್ ಸಲಹೆಗಾರರಾದ ಟಾಮ್ ಡಿಮಾರ್ಕೊ ಮತ್ತು ಟಿಮ್ ಲಿಸ್ಟರ್ ಪ್ರೋಗ್ರಾಮರ್‌ಗಳ ನಡುವೆ ಸ್ಪರ್ಧೆ ನಡೆಸಿದರು. ಸ್ಪರ್ಧೆಯಲ್ಲಿ ಮೇಲಿನ ಕಾಲುಭಾಗದಲ್ಲಿ ಬಂದವರಿಗೆ ಅವರವರ ಆಫೀಸಿನಲ್ಲಿ ಸರಾಸರಿ 78 ಚದರಡಿ ಜಾಗವಿತ್ತು, ಕೆಳಗಿನ ಕಾಲುಭಾಗಕ್ಕೆ 46. ಜಾಣರು ಒಳ್ಳೆಯ ಆಫೀಸು ಹುಡುಕಿಕೊಂಡು ಹೋಗಿರಲೂಬಹುದು ಎಂದು ಅವರೇ ಎಚ್ಚರಿಸಿದ್ದರು. ಹಾಗಿದ್ದರೂ ನಷ್ಟ, ಗೋಡೆ ಒಡೆದು ಎಲ್ಲರನ್ನೂ ಒಂದೇ ಉದ್ದ ಮೇಜಿಗೆ ಕೂರಿಸಿದ ಕಂಪನಿಗೇ.