ಬಿಸಿಲು, ಸಿಡಿಲು, ಸೆಳವು: ಬೇಸಿಗೆ ಸುರಕ್ಷತೆಯ ಅಧ್ಯಯನ ಟಿಪ್ಪಣಿ

ಬೇಸಿಗೆಯ ಅವಘಡಗಳಲ್ಲಿ ಜನ ನಂಬುವ ಗುರುತೇ ಹಲವು ಸಲ ತಪ್ಪಾಗಿರುತ್ತದೆ. ಓದುವಾಗ ಪ್ರತಿ ಅಪಾಯದ ಪಕ್ಕದಲ್ಲಿ ಅದರ ಸುಳ್ಳು ಗುರುತನ್ನೂ ಬರೆದುಕೊಳ್ಳಿ.

ಬಿಸಿಲು

ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಎರಡೂ ಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಹಾಗಾಗಿ 34 ಡಿಗ್ರಿಯ ಜಿಗುಟು ಸೆಖೆ 40 ಡಿಗ್ರಿಯ ಒಣ ಬಿಸಿಲಿಗಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು.

ಬಿಸಿಲಿನ ಬಳಲಿಕೆಯಲ್ಲಿ ವಿಪರೀತ ಬೆವರು, ತಲೆಸುತ್ತು, ವಾಕರಿಕೆ ಇರುತ್ತವೆ, ಬುದ್ಧಿ ಸ್ಥಿಮಿತದಲ್ಲೇ ಇರುತ್ತದೆ. ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಹಾಕಿ, ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಹೀಟ್ ಸ್ಟ್ರೋಕ್ ಬೇರೆಯೇ. ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಿದುಳಿಗೆ ಪೆಟ್ಟು ಬೀಳುತ್ತದೆ: ಮಾತು ತೊದಲುತ್ತದೆ, ವರ್ತನೆ ಅಸಂಬದ್ಧವಾಗುತ್ತದೆ, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ‘ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್’ ಎಂದು ಬರೆದುಕೊಂಡಿದ್ದರೆ ದಯವಿಟ್ಟು ಹೊಡೆದುಹಾಕಿ. ದುಡಿಯುತ್ತಲೋ ಓಡುತ್ತಲೋ ಕುಸಿದವರ ಮೈ ಬೆವರಿನಿಂದ ತೊಯ್ದೇ ಇರಬಹುದು. ಗಮನಿಸಬೇಕಾದ್ದು ಚರ್ಮವನ್ನಲ್ಲ, ಮಾತನ್ನು.

ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ತಂಪು ಮಾಡಲು ಶುರುಮಾಡಬೇಕು. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ ತಲೆಯನ್ನು ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಪರಿಣಾಮಕಾರಿ. ತೊಟ್ಟಿ ಇಲ್ಲದಿದ್ದರೆ ಮೈಮೇಲೆ ನೀರು ಸುರಿಯುತ್ತ ಜೋರಾಗಿ ಗಾಳಿ ಬೀಸಿ. ಮೊದಲ 30 ನಿಮಿಷವೇ ನಿರ್ಣಾಯಕ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ಬಿಸಿಲಲ್ಲಿ ದುಡಿಯುವವರು 15–20 ನಿಮಿಷಕ್ಕೊಮ್ಮೆ ಸುಮಾರು 240 ಮಿಲಿಲೀಟರ್ ನೀರು ಕುಡಿಯಬೇಕು. ಗಂಟೆಗೆ ಒಂದೂವರೆ ಲೀಟರ್ ಮೀರಿದರೆ ರಕ್ತದ ಸೋಡಿಯಂ ತೆಳುವಾಗಿ ಅದೇ ಅಪಾಯವಾಗುತ್ತದೆ. ಹೊಸಬರಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಪಾಲು ಸಾಕು. ದೇಹ ಒಗ್ಗಲು ಒಂದೆರಡು ವಾರ ಬೇಕು.

ಸಿಡಿಲು

ತಲೆಯ ಮೇಲೆ ಮೋಡವಿಲ್ಲ ಎಂಬುದೇ ಇಲ್ಲಿನ ಸುಳ್ಳು ಗುರುತು. ಮಳೆ ಬೀಳುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯುತ್ತದೆ. ಗುಡುಗು ಕೇಳಿಸಿತೆಂದರೆ ಅದರ ಅಳವಿನಲ್ಲಿದ್ದೀರಿ ಎಂದೇ ಅರ್ಥ. ಗಟ್ಟಿ ಕಟ್ಟಡದೊಳಗೆ ಅಥವಾ ಲೋಹದ ಚಾವಣಿಯ ಮುಚ್ಚಿದ ವಾಹನದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ವಾಹನದಲ್ಲಿ ಕಾಪಾಡುವುದು ರಬ್ಬರ್ ಚಕ್ರವಲ್ಲ, ಲೋಹದ ಕವಚ. ಮರದಡಿ ನಿಂತವರಿಗೆ ಮರದಿಂದ ಹಾರುವ ವಿದ್ಯುತ್ತೂ ನೆಲದಲ್ಲಿ ಹರಡುವ ವಿದ್ಯುತ್ತೂ ತಗಲುತ್ತವೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರಾಟ ನಿಂತಿದ್ದರೆ ಕೂಡಲೇ ಸಿಪಿಆರ್ (ಎದೆ ಒತ್ತುತ್ತ ಬಾಯಿಂದ ಉಸಿರು ಕೊಡುವುದು) ಮಾಡಿ.

ನೀರು

ಕಡಲತೀರದಲ್ಲಿ ಅಲೆಗಳು ಒಡೆಯುವ ಸಾಲಿನ ನಡುವೆ ಶಾಂತವಾಗಿ, ಕಡು ಬಣ್ಣದಲ್ಲಿ ಕಾಣುವ ಪಟ್ಟಿಯನ್ನೇ ಜನ ಈಜಲು ಆರಿಸಿಕೊಳ್ಳುತ್ತಾರೆ. ದಡಕ್ಕೆ ಬಂದ ನೀರು ಹಿಂದಿರುಗುವ ದಾರಿ ಅದು; ಅಲ್ಲಿ ಸೆಳವು ಸೆಕೆಂಡಿಗೆ 2 ಮೀಟರ್ ಮೀರಬಹುದು. ಅದು ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಮುಳುಗುವುದು ಅದರ ಎದುರು ಈಜಿ ಸುಸ್ತಾಗುವುದರಿಂದ. ತೇಲಿ, ಕೈ ಎತ್ತಿ ಕರೆಯಿರಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವ ಕಡೆಯಿಂದ ಮರಳಿ.

ಆಳದ ಕೆರೆ, ಕಲ್ಲುಕ್ವಾರಿಗಳಲ್ಲಿ ಮೇಲಿನ ನೀರು ಬೆಚ್ಚಗಿದ್ದರೂ ಕೆಳಗೆ ಕೊರೆಯುತ್ತಿರಬಹುದು. ಥಟ್ಟನೆ ಹಾರಿದಾಗ ತಾನಾಗಿ ಎಳೆದುಕೊಳ್ಳುವ ಏದುಸಿರಲ್ಲೇ ನೀರು ಒಳಸೇರುತ್ತದೆ. ಬೆನ್ನಮೇಲೆ ತೇಲಿದರೆ ಒಂದೆರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ.

ಮುಳುಗುವವರು ಕೂಗುತ್ತಾರೆಂದು ಕಾಯಬೇಡಿ; ಬಾಯಿ ನೀರಿನ ಮಟ್ಟದಲ್ಲಿರುವುದರಿಂದ ದನಿಯೇ ಹೊರಡುವುದಿಲ್ಲ. ಕಾಪಾಡಲು ನೀವೇ ಧುಮುಕಬೇಡಿ. ದಡದಲ್ಲಿ ಮಲಗಿ ಕೋಲು ಚಾಚಿ, ಹಗ್ಗ ಅಥವಾ ಮುಚ್ಚಿದ ಖಾಲಿ ಕ್ಯಾನ್ ಎಸೆಯಿರಿ. ಮೇಲೆತ್ತಿದಾಗ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗದೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ 30 ಎದೆಯೊತ್ತುಗಳಿಗೆ 2 ಉಸಿರಿನಂತೆ ಮುಂದುವರಿಸಿ.