ವರ್ಲ್ಡ್ ಟೂರ್: ಹೊಸ ಆಲ್ಬಮ್ಮಿನ ಜೊತೆ ಹೊರಡುವ ತಿರುಗಾಟ

2025ರ ಫೆಬ್ರವರಿ 8 ಮತ್ತು 9ರಂದು ಇಂಗ್ಲೆಂಡಿನ ಗಾಯಕ ಎಡ್ ಶೀರನ್ ತುಮಕೂರು ರಸ್ತೆಯ ಮಾದಾವರದ ನೈಸ್ ಮೈದಾನದಲ್ಲಿ ಎರಡು ಸಂಜೆ ಹಾಡಿದರು. ಟಿಕೆಟ್ ಕೊಂಡವರ ಪಾಲಿಗೆ ಅದು ಬೆಂಗಳೂರಿನ ಕಾರ್ಯಕ್ರಮ. ಗಾಯಕರ ಪಾಲಿಗೆ ಅದು 2022ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಆರಂಭವಾಗಿ 2025ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ಮುಗಿದ 'ಮ್ಯಾಥಮ್ಯಾಟಿಕ್ಸ್ ಟೂರ್' ಎಂಬ ದೀರ್ಘ ಸರಣಿಯ ನಡುವಿನ ಎರಡು ದಿನಗಳು. ಈ ಎರಡು ನೋಟಗಳ ನಡುವಿನ ವ್ಯತ್ಯಾಸ ತಿಳಿದರೆ 'ವರ್ಲ್ಡ್ ಟೂರ್' ಎಂಬ ಪದದ ಅರ್ಥ ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

ಒಬ್ಬ ಗಾಯಕ ಅಥವಾ ಒಂದು ತಂಡ ಹೊಸ ಆಲ್ಬಮ್ ಹೊರತಂದ ಸಂದರ್ಭದಲ್ಲಿ, ಆ ಆಲ್ಬಮ್ಮಿನ ಹಾಡುಗಳನ್ನು ಆಧಾರವಾಗಿಟ್ಟುಕೊಂಡು ರೂಪಿಸಿದ ಒಂದೇ ಪ್ರದರ್ಶನವನ್ನು, ಒಂದೇ ಹೆಸರಿನಡಿಯಲ್ಲಿ, ಮೊದಲೇ ಗೊತ್ತುಪಡಿಸಿದ ಸರದಿಯಂತೆ ಹಲವು ಖಂಡಗಳ ಹಲವು ಊರುಗಳಲ್ಲಿ ನಡೆಸಿಕೊಂಡು ಹೋಗುವುದಕ್ಕೆ ವರ್ಲ್ಡ್ ಟೂರ್ ಎನ್ನುತ್ತಾರೆ. ಗಣೇಶೋತ್ಸವದಲ್ಲೋ ರಾಜ್ಯೋತ್ಸವದಲ್ಲೋ ನಡೆಯುವ ರಸಮಂಜರಿಗೆ ಗಾಯಕರನ್ನು ಸಂಘಟಕರು ಕರೆಸುತ್ತಾರೆ. ವೇದಿಕೆ, ಧ್ವನಿ, ದೀಪ ಎಲ್ಲವೂ ಸಂಘಟಕರದೇ ಆಗಿರುತ್ತವೆ ಮತ್ತು ಜನ ಬಯಸಿದ ಹಾಡು ಅಲ್ಲಿ ಮುಖ್ಯವಾಗುತ್ತದೆ. ಟೂರ್‌ನಲ್ಲಿ ಪ್ರದರ್ಶನವೇ ಗಾಯಕರ ಸ್ವತ್ತು, ಅದನ್ನು ಅವರು ಊರಿಂದೂರಿಗೆ ಹೊತ್ತು ತರುತ್ತಾರೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ನಂಟು ಹುಡುಕಿದರೆ, 1985ರಿಂದ ಹೆಗ್ಗೋಡಿನಿಂದ ಹೊರಡುವ ನೀನಾಸಂ ತಿರುಗಾಟ ನೆನಪಾಗುತ್ತದೆ. ಆ ವರ್ಷಕ್ಕೆಂದು ಹೊಸದಾಗಿ ಕಟ್ಟಿದ ನಾಟಕಗಳನ್ನು ರಂಗಸಜ್ಜಿಕೆಯ ಸಮೇತ ವಾಹನಕ್ಕೆ ಹೇರಿ ತಿಂಗಳುಗಟ್ಟಲೆ ಸಂಚರಿಸುವ ಆ ಪದ್ಧತಿಗೂ ಪಾಪ್ ಗಾಯಕರ ಟೂರ್‌ಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲದಿದ್ದರೂ, ಹೊಸ ಕೃತಿಯೊಂದು ತಾನೇ ಜನರ ಬಳಿಗೆ ಹೋಗುತ್ತದೆ ಎಂಬ ಮೂಲ ಕಲ್ಪನೆ ಎರಡರಲ್ಲೂ ಒಂದೇ.

ಇಂಥ ಟೂರ್ 'ಆಲ್ಬಮ್‌ಗೆ ಬೆಂಬಲವಾಗಿ' ನಡೆಯುತ್ತದೆ ಎಂದು ಸಂಗೀತದ ಸುದ್ದಿಗಳಲ್ಲಿ ಬರೆಯುವುದನ್ನು ನೋಡುತ್ತೇವೆ. ಇದರ ಸ್ಪಷ್ಟ ಉದಾಹರಣೆ ಎಡ್ ಶೀರನ್ ಅವರದೇ ಹಿಂದಿನ ಟೂರ್. ಅವರ 'ಡಿವೈಡ್' ಆಲ್ಬಮ್ 2017ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದೇ ಹೆಸರಿನ ಟೂರ್ ಮಾರ್ಚ್ 16ರಂದು ಇಟಲಿಯ ಟ್ಯೂರಿನ್‌ನಲ್ಲಿ ಶುರುವಾಯಿತು. ಎರಡರ ನಡುವೆ ಎರಡು ವಾರದ ಅಂತರವೂ ಇಲ್ಲ. ಸಾಮಾನ್ಯವಾಗಿ ಮೊದಲು ಒಂದೆರಡು ಹಾಡುಗಳು ಬಿಡಿಯಾಗಿ ಹೊರಬರುತ್ತವೆ, ಬಳಿಕ ಆಲ್ಬಮ್, ಅದರ ಆಸುಪಾಸಿನಲ್ಲೇ ಊರು ಮತ್ತು ದಿನಾಂಕಗಳ ಪಟ್ಟಿ, ಆಮೇಲೆ ಟಿಕೆಟ್ ಮಾರಾಟ. ಹೊಸ ಹಾಡು ಕಿವಿಯಲ್ಲಿ ಇನ್ನೂ ಹೊಸದಾಗಿರುವಾಗಲೇ ಗಾಯಕ ಎದುರಿಗೆ ಬಂದು ನಿಲ್ಲುತ್ತಾನೆ ಎಂಬುದೇ ಈ ಏರ್ಪಾಡಿನ ಬಲ. ಒಂದು ಸಂಜೆ ಹಾಡುವ ಹಾಡುಗಳ ಕ್ರಮಬದ್ಧ ಪಟ್ಟಿಯಾದ 'ಸೆಟ್‌ಲಿಸ್ಟ್'ನಲ್ಲಿ ಹೊಸ ಆಲ್ಬಮ್‌ಗೆ ವಿಶೇಷ ಸ್ಥಾನವಿರುತ್ತದೆ, ವೇದಿಕೆಯ ಬಣ್ಣ, ಪರದೆಯ ಚಿತ್ರಗಳು, ಮಾರಾಟಕ್ಕಿಟ್ಟ ಟೀ ಶರ್ಟ್ ಎಲ್ಲವೂ ಆ ಆಲ್ಬಮ್ಮಿನ ಹೊದಿಕೆಯನ್ನೇ ನೆನಪಿಸುತ್ತವೆ.

ಆದರೆ ಕೇಳಲು ಬಂದವರಲ್ಲಿ ಹೆಚ್ಚಿನವರು ಹಳೆಯ ಹಾಡುಗಳಿಗಾಗಿಯೇ ಬಂದಿರುತ್ತಾರೆ. ಈ ಎಳೆದಾಟ ಪ್ರತಿ ಟೂರ್‌ನಲ್ಲೂ ಇದೆ. ಬ್ರಿಟನ್ನಿನ ಐರನ್ ಮೇಡನ್ ತಂಡ 2006ರಲ್ಲಿ ಹೊಸ ಆಲ್ಬಮ್ ತಂದಾಗ ಅಮೆರಿಕ ಮತ್ತು ಯೂರೋಪಿನ ವೇದಿಕೆಗಳಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿಯಾಗಿ ನುಡಿಸಿತು. ಅದೇ ಆಲ್ಬಮ್ಮಿನ ಟೂರ್ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬರುವ ಹೊತ್ತಿಗೆ ಹೊಸ ಹಾಡುಗಳನ್ನು ಕಡಿಮೆ ಮಾಡಿ ಹಳೆಯ ಹಾಡುಗಳಿಗೆ ಹೆಚ್ಚು ಜಾಗ ಕೊಡಲಾಗಿತ್ತು. ಭಾರತದಲ್ಲಿ ಅದು ಆ ತಂಡದ ಮೊದಲ ಕಾರ್ಯಕ್ರಮ. ವರ್ಷಗಟ್ಟಲೆ ಕ್ಯಾಸೆಟ್ಟು ಸವೆಸಿಕೊಂಡು ಕಾದಿದ್ದ ಕೇಳುಗರಿಗೆ ಹಳೆಯದನ್ನು ಕೊಡುವುದೇ ನ್ಯಾಯ ಎಂದು ನನಗೂ ಅನಿಸುತ್ತದೆ. ಟೂರ್‌ನ ಪ್ರದರ್ಶನ ಒಂದೇ ಎನ್ನುವಾಗ ಇಷ್ಟು ಬದಲಾವಣೆಗೆ ಅದರಲ್ಲಿ ಅವಕಾಶವಿದೆ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಯಾರು ಯಾರಿಗೆ ಬೆಂಬಲ ಎಂಬ ಪ್ರಶ್ನೆಗೆ ಉತ್ತರ ಕಳೆದ ಕಾಲು ಶತಮಾನದಲ್ಲಿ ಬಹುಮಟ್ಟಿಗೆ ತಿರುವುಮುರುವಾಗಿದೆ. ಧ್ವನಿಮುದ್ರಿಕೆಯೇ ಮುಖ್ಯ ವರಮಾನವಾಗಿದ್ದ ದಿನಗಳಲ್ಲಿ ಟೂರ್ ಅದರ ಪ್ರಚಾರವಾಗಿತ್ತು, ಟೂರ್‌ನಲ್ಲಿ ಹಣ ಉಳಿಯದಿದ್ದರೂ ಮುದ್ರಿಕೆಯ ಮಾರಾಟ ಅದನ್ನು ತುಂಬಿಕೊಡುತ್ತಿತ್ತು. 1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಬಂದು ಹಾಡುಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬಿಟ್ಟಿಯಾಗಿ ಹರಿಯತೊಡಗಿದ ಮೇಲೆ, ಅನಂತರ ಸ್ಟ್ರೀಮಿಂಗ್ ಬಂದು ತಿಂಗಳ ಸಣ್ಣ ಚಂದಾಕ್ಕೆ ಎಲ್ಲ ಹಾಡೂ ಸಿಗುವಂತಾದ ಮೇಲೆ, ಸಿ.ಡಿ. ಕೊಳ್ಳುವವರು ಕಡಿಮೆಯಾದರು. ಇದನ್ನು ಮೊದಲೇ ಕಂಡವರಲ್ಲಿ ಗಾಯಕ ಡೇವಿಡ್ ಬೋವಿ ಒಬ್ಬರು. ಸಂಗೀತವು ಮುಂದೆ ನಲ್ಲಿಯ ನೀರಿನಂತೆ, ವಿದ್ಯುತ್ತಿನಂತೆ ಎಲ್ಲ ಕಡೆ ದೊರೆಯುವ ವಸ್ತುವಾಗುತ್ತದೆ, ಹಾಗಾಗಿ ಕಲಾವಿದರು ಹೆಚ್ಚು ಹೆಚ್ಚು ಟೂರ್ ಮಾಡಲು ಸಿದ್ಧರಾಗಬೇಕು ಎಂಬರ್ಥದ ಮಾತನ್ನು ಅವರು 2002ರಲ್ಲೇ ನ್ಯೂಯಾರ್ಕ್ ಟೈಮ್ಸ್ ಸಂದರ್ಶನದಲ್ಲಿ ಹೇಳಿದ್ದರು. 2019ರಲ್ಲಿ ಮುಗಿದ ಡಿವೈಡ್ ಟೂರ್ ಸುಮಾರು 77 ಕೋಟಿ ಡಾಲರ್ ಗಳಿಸಿ ಅಲ್ಲಿಯವರೆಗಿನ ದಾಖಲೆಯನ್ನು ಮುರಿಯಿತು. 2023ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ 149 ಪ್ರದರ್ಶನಗಳನ್ನು ಕಂಡ ಟೇಲರ್ ಸ್ವಿಫ್ಟ್ ಅವರ 'ಎರಾಸ್ ಟೂರ್' ಟಿಕೆಟ್‌ಗಳಿಂದಲೇ 200 ಕೋಟಿ ಡಾಲರ್ ದಾಟಿತು. ಈಗ ಆಲ್ಬಮ್ಮೇ ಟೂರ್‌ಗೆ ಕರೆಯೋಲೆಯಾಗಿದೆ ಎಂದರೆ ತಪ್ಪಲ್ಲ.

ಎಲ್ಲ ವರ್ಲ್ಡ್ ಟೂರ್‌ಗಳೂ ಹೊಸ ಆಲ್ಬಮ್ಮಿನದೇ ಆಗಿರಬೇಕೆಂದಿಲ್ಲ. ಎರಾಸ್ ಟೂರ್ ಗಾಯಕಿಯ ಅಲ್ಲಿಯವರೆಗಿನ ಘಟ್ಟಗಳನ್ನು ಒಟ್ಟಿಗೆ ತೋರಿಸಿದ ಸಿಂಹಾವಲೋಕನ. ಯು2 ತಂಡ 2019ರ ಡಿಸೆಂಬರ್‌ನಲ್ಲಿ ಮುಂಬೈಗೆ ಬಂದದ್ದು 1987ರ ಹಳೆಯ ಆಲ್ಬಮ್ಮೊಂದನ್ನು ಮತ್ತೆ ನುಡಿಸುವ ಟೂರ್‌ನ ಕೊನೆಯ ರಾತ್ರಿಗಾಗಿ. ಬೀಟಲ್ಸ್ ತಂಡದ್ದು ಇದರ ಇನ್ನೊಂದು ತುದಿ: 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಾರ್ಯಕ್ರಮದ ನಂತರ ಅವರು ಟೂರ್ ಮಾಡುವುದನ್ನೇ ನಿಲ್ಲಿಸಿ, ಆಮೇಲಿನ ಆಲ್ಬಮ್‌ಗಳನ್ನು ಬಹುಮಟ್ಟಿಗೆ ಸ್ಟುಡಿಯೋದಲ್ಲೇ ಕಟ್ಟಿದರು.

ಟೂರ್‌ನ ಕೆಲಸ ಎಂಥದ್ದೆಂದು ತಿಳಿಯಲು ನೈಸ್ ಮೈದಾನದಂಥ ಬಯಲನ್ನೇ ಗಮನಿಸಬಹುದು. ಲಂಡನ್ನಿನ ಓ2 ಅರೀನಾದಲ್ಲಿ ಇಪ್ಪತ್ತು ಸಾವಿರ ಜನರಿಗೆ ಸೂರು, ಆಸನ, ವಿದ್ಯುತ್ತು, ತೂಕ ಹೊರುವ ಚಾವಣಿ ಎಲ್ಲ ಸಿದ್ಧವಾಗಿರುತ್ತವೆ. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಒಳಾಂಗಣವಿಲ್ಲ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಹಿಡಿಸುವುದು ಕೆಲವೇ ಸಾವಿರ ಮಂದಿ. ಹಾಗಾಗಿ ಇಲ್ಲಿ ಬರಿಯ ನೆಲದ ಮೇಲೆ ಉಕ್ಕಿನ ವೇದಿಕೆ, ಜನರೇಟರ್, ಬೇಲಿ, ಶೌಚಾಲಯ, ಕುಡಿಯುವ ನೀರು ಎಲ್ಲವನ್ನೂ ಕಟ್ಟಿ, ಎಲ್ಲವನ್ನೂ ಬಿಚ್ಚಬೇಕು. ಕಟ್ಟುವುದಕ್ಕೆ 'ಲೋಡ್ ಇನ್', ಬಿಚ್ಚುವುದಕ್ಕೆ 'ಲೋಡ್ ಔಟ್' ಎನ್ನುತ್ತಾರೆ. ವೇದಿಕೆಯ ಎರಡೂ ಬದಿಗೆ ಬಾಗಿದ ಸಾಲಿನಲ್ಲಿ ಸ್ಪೀಕರ್‌ಗಳು ತೂಗುತ್ತವೆ. ಅವುಗಳಿಂದ ನೂರು ಮೀಟರ್ ಹಿಂದೆ ನಿಂತವರಿಗೆ ದನಿ ಕ್ಷೀಣವಾಗುವುದರಿಂದ ಮೈದಾನದ ನಡುವೆ ಇನ್ನಷ್ಟು ಸ್ಪೀಕರ್ ಗೋಪುರಗಳನ್ನು ನಿಲ್ಲಿಸುತ್ತಾರೆ. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ವೇದಿಕೆಯ ದನಿ ನೂರು ಮೀಟರ್ ದಾಟಲು ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಸಮಯ ಬೇಕು. ತಂತಿಯಲ್ಲಿ ಹೋಗುವ ಸಂಕೇತ ತಕ್ಷಣವೇ ತಲುಪಿಬಿಡುವುದರಿಂದ, ಹಿಂದಿನ ಗೋಪುರದ ದನಿಯನ್ನು ಅಷ್ಟೇ ಹೊತ್ತು ಬೇಕೆಂದೇ ತಡೆದು ಬಿಡುತ್ತಾರೆ. ಹಾಗೆ ಮಾಡದಿದ್ದರೆ ಹಿಂದಿನವರಿಗೆ ಪ್ರತಿ ಪದವೂ ಎರಡೆರಡು ಸಲ ಕೇಳಿಸುತ್ತದೆ. ಇವುಗಳಿಗೆ 'ಡಿಲೇ ಟವರ್' ಎಂಬ ಹೆಸರು ಬಂದದ್ದು ಹೀಗೆ. ಬೆಲೆ ಕಡಿಮೆಯ ಟಿಕೆಟ್ ಕೊಂಡು ಹಿಂದೆ ನಿಂತವರಿಗೂ ಹಾಡು ಚೆನ್ನಾಗಿ ಕೇಳಬೇಕೆಂಬ ಕಾಳಜಿ ಈ ಲೆಕ್ಕಾಚಾರದಲ್ಲಿದೆ, ಒಂದು ಟೂರ್‌ನ ಗುಣಮಟ್ಟವನ್ನು ನಾನು ಅಳೆಯುವುದೂ ಅಲ್ಲಿ ನಿಂತೇ.

ಇಡೀ ವೇದಿಕೆಯನ್ನು ಪ್ರತಿ ಊರಿಗೂ ಸಾಗಿಸುವುದಿಲ್ಲ. ಉಕ್ಕಿನ ಹಂದರದಂಥ ಭಾರದ ವಸ್ತುಗಳನ್ನು ಆಯಾ ದೇಶದಲ್ಲೇ ಬಾಡಿಗೆಗೆ ಪಡೆದು, ವಾದ್ಯ, ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸರ್, ವಿಶೇಷ ದೀಪಗಳನ್ನಷ್ಟೇ ಜೊತೆಗೆ ತರುವುದು ರೂಢಿ. ಅದೂ ಸಾಲದಷ್ಟು ವಿಶಿಷ್ಟ ವೇದಿಕೆಯಿದ್ದರೆ ಒಂದಕ್ಕಿಂತ ಹೆಚ್ಚು ಹಂದರಗಳನ್ನು ಮಾಡಿಸಿಕೊಂಡು, ಒಂದು ಊರಿನಲ್ಲಿ ಹಾಡು ನಡೆಯುತ್ತಿರುವಾಗಲೇ ಮುಂದಿನ ಊರಿನಲ್ಲಿ ಇನ್ನೊಂದನ್ನು ಕಟ್ಟುತ್ತಾರೆ. ಯು2 ತಂಡ 2009ರಿಂದ 2011ರವರೆಗಿನ ಟೂರ್‌ಗೆ ಅಂಥ ಮೂರು ಹಂದರಗಳನ್ನು ಇಟ್ಟುಕೊಂಡಿತ್ತು. ಗಡಿ ದಾಟುವಾಗ ಪ್ರತಿ ಗಿಟಾರಿಗೂ ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಳತಂದು ವಾಪಸ್ ಒಯ್ಯಲು 'ಎ.ಟಿ.ಎ. ಕಾರ್ನೆ' ಎಂಬ ದಾಖಲೆ ಅನೇಕ ದೇಶಗಳಲ್ಲಿ ನಡೆಯುತ್ತದೆ. ಭಾರತದಲ್ಲಿ ಅದನ್ನು ಕೊಡುವ ಸಂಸ್ಥೆ ವಾಣಿಜ್ಯ ಮತ್ತು ಕೈಗಾರಿಕಾ ಸಂಘಗಳ ಒಕ್ಕೂಟವಾದ ಎಫ್.ಐ.ಸಿ.ಸಿ.ಐ. ಐರನ್ ಮೇಡನ್ 2008ರಲ್ಲಿ ತಂಡ, ಸಿಬ್ಬಂದಿ, ಸಲಕರಣೆಗಳನ್ನೆಲ್ಲ ಒಂದೇ ಬೋಯಿಂಗ್ 757 ವಿಮಾನಕ್ಕೆ ಹಾಕಿಕೊಂಡು ಮುಂಬೈಯಿಂದಲೇ ಟೂರ್ ಆರಂಭಿಸಿತು. ವಿಮಾನದ ಪೈಲಟ್ ತಂಡದ ಗಾಯಕ ಬ್ರೂಸ್ ಡಿಕಿನ್‌ಸನ್.

ಇನ್ನು 'ವರ್ಲ್ಡ್' ಎಂಬ ಅರ್ಧದ ವಿಚಾರ. ಬಹುಕಾಲ ಈ ಪದದೊಳಗೆ ಉತ್ತರ ಅಮೆರಿಕ, ಯೂರೋಪು, ಜಪಾನ್, ಆಸ್ಟ್ರೇಲಿಯಾಗಳಷ್ಟೇ ಸೇರಿದ್ದವು. ಮೈಕಲ್ ಜಾಕ್ಸನ್ 1996ರ ನವೆಂಬರ್ 1ರಂದು ಮುಂಬೈನಲ್ಲಿ ಹಾಡಿದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ. ಬೆಂಗಳೂರಿಗೆ ಆ ಬಾಗಿಲು ತೆರೆದದ್ದು ಅರಮನೆ ಮೈದಾನ: ರಾಕ್ ತಂಡಗಳಾದ 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಸಾಫ್ಟ್‌ವೇರ್ ನೌಕರಿಯ ಸಂಬಳ ಒಂದು ಕಾರಣವಿರಬಹುದು, ಆದರೆ ರಾಕ್ ಕೇಳುವ ಕಿವಿ ಈ ಊರಿಗೆ ಅದಕ್ಕೂ ಮೊದಲೇ ಇತ್ತೆಂಬುದನ್ನು ಮರೆಯಬಾರದು.

ಯಾವ ಊರು ಪಟ್ಟಿಯಲ್ಲಿ ಸೇರುತ್ತದೆ ಎಂಬುದನ್ನು 'ರೂಟಿಂಗ್' ನಿರ್ಧರಿಸುತ್ತದೆ. ಯೂರೋಪು, ಅಮೆರಿಕಗಳ ತೆರೆದ ಕ್ರೀಡಾಂಗಣಗಳಲ್ಲಿ ಹಾಡಲು ಬೇಸಿಗೆ ಬೇಕು. ಅಲ್ಲಿ ಚಳಿ ಬಿದ್ದಾಗ ಟೂರ್‌ಗಳು ಏಷ್ಯಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕದ ಕಡೆ ತಿರುಗುತ್ತವೆ. ಮಳೆಯಿಲ್ಲದ, ಸೆಕೆಯಿಲ್ಲದ ಜನವರಿ, ಫೆಬ್ರವರಿ ನಮಗೂ ಅನುಕೂಲ. ಹೀಗೆ ಒಂದು ಭೂಭಾಗದಲ್ಲಿ ಒಟ್ಟಾಗಿ ನಡೆಯುವ ಕಾರ್ಯಕ್ರಮಗಳ ಗುಂಪಿಗೆ 'ಲೆಗ್' ಎನ್ನುತ್ತಾರೆ. ಎಡ್ ಶೀರನ್ 2017ರಲ್ಲೂ 2024ರಲ್ಲೂ ಭಾರತದಲ್ಲಿ ಹಾಡಿದ್ದು ಮುಂಬೈಯೊಂದರಲ್ಲೇ. 2025ರಲ್ಲಿ ಭೂತಾನಿನ ಥಿಂಫುವಿನಿಂದ ಇಳಿದು ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿ ಎಂದು ಆರು ಊರು ಸುತ್ತಿದರು. ಅದೇ ವರ್ಷದ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡ ಮುಂಬೈನಲ್ಲಿ ಮೂರು, ಅಹಮದಾಬಾದಿನಲ್ಲಿ ಎರಡು ರಾತ್ರಿ ನುಡಿಸಿ ಹೊರಟಿತು. ಬೆಂಗಳೂರನ್ನು ಏಕೆ ಬಿಟ್ಟರು ಎಂದು ಇಲ್ಲಿನವರು ನೊಂದುಕೊಂಡದ್ದು ಸಹಜವೇ. ಒಂದು ಲಕ್ಷ ಜನ ಕೂರುವ ಕ್ರೀಡಾಂಗಣವಿರುವ ಅಹಮದಾಬಾದಿನಂಥ ಊರಿನ ಎದುರು, ಬಯಲನ್ನೇ ನೆಚ್ಚಿಕೊಂಡ ಊರು ಇಂಥ ಟೂರ್‌ನ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ ಎಂಬುದು ನನ್ನ ಎಣಿಕೆ. 2024ರ ನವೆಂಬರ್ 7ರಂದು ಹಸಿರು ಮಾರ್ಗದ ಮೆಟ್ರೊ ನೈಸ್ ಮೈದಾನವಿರುವ ಮಾದಾವರದವರೆಗೆ ಓಡತೊಡಗಿದ್ದು ಈ ಕೊರತೆಯಲ್ಲಿ ಒಂದು ಪಾಲನ್ನು ತುಂಬಿದೆ. ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂಬ 2000ದ ಶಬ್ದ ಮಾಲಿನ್ಯ ನಿಯಮ ಮಾತ್ರ ಯಾವ ಮೈದಾನಕ್ಕಾದರೂ ಅನ್ವಯಿಸುತ್ತದೆ, ಹಾಗಾಗಿ ನಮ್ಮ ಸಂಜೆಗಳು ಬೇಗ ಶುರುವಾಗಿ ಬೇಗ ಮುಗಿಯುತ್ತವೆ.

ಸಾವಿರಾರು ಮೈಲಿಯಿಂದ ಹೊತ್ತುತಂದ ಪ್ರದರ್ಶನ ಊರಿಗೆ ಓಗೊಡುವ ಕ್ಷಣಗಳೂ ಇವೆ. ಚೆನ್ನೈನಲ್ಲಿ ಎಡ್ ಶೀರನ್ ಜೊತೆ ಎ.ಆರ್. ರಹಮಾನ್ ವೇದಿಕೆ ಏರಿದರು. ಬೆಂಗಳೂರಿನಲ್ಲಿ ಗಾಯಕಿ ಶಿಲ್ಪಾ ರಾವ್ ಜೊತೆ ಅವರು ತೆಲುಗು ಹಾಡೊಂದನ್ನು ಹಾಡಿದರು. ಕನ್ನಡದ ಒಂದು ಸಾಲು ಅಂದು ಆ ವೇದಿಕೆಯ ಮೇಲೆ ಕೇಳಿದ್ದರೆ ಎಂಬ ಆಸೆ ನನಗೆ ಈಗಲೂ ಇದೆ. ಶಿಶುನಾಳ ಶರೀಫರ ತತ್ವಪದವನ್ನು ತನ್ನ 2008ರ ಆಲ್ಬಮ್ಮಿನಲ್ಲಿ ಸೇರಿಸಿಕೊಂಡು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಹೋದ ರಘು ದೀಕ್ಷಿತ್ ಅವರ ತಂಡ, ಇದೇ ಬಗೆಯ ಪಯಣವನ್ನು ಇಲ್ಲಿಂದ ಅಲ್ಲಿಗೆ ಮಾಡಿತ್ತು. ಆದರೆ ಉತ್ಸವದಲ್ಲಿ ಹಾಡುವುದು ಬೇರೆಯವರ ವೇದಿಕೆಯಲ್ಲಿ ಸಿಕ್ಕಿದ ಹೊತ್ತಿನೊಳಗೆ ಹಾಡುವುದು, ಆದ್ದರಿಂದ ಅದನ್ನು ವರ್ಲ್ಡ್ ಟೂರ್‌ನಿಂದ ಬೇರೆಯಾಗಿಯೇ ಎಣಿಸುತ್ತಾರೆ. ಒಂದೇ ಸಭಾಂಗಣದಲ್ಲಿ ತಿಂಗಳುಗಟ್ಟಲೆ ಹಾಡುವ 'ರೆಸಿಡೆನ್ಸಿ' ಕೂಡ ಇದರ ಹೊರಗೇ ಉಳಿಯುತ್ತದೆ.

ಟೂರ್ ಮುಗಿಯುವುದು ಸಾಮಾನ್ಯವಾಗಿ ಮುಂದಿನ ಆಲ್ಬಮ್ ಹತ್ತಿರವಾದಾಗ. ಎಡ್ ಶೀರನ್ 2025ರ ಸೆಪ್ಟೆಂಬರ್ 7ರಂದು ಡುಸೆಲ್‌ಡಾರ್ಫ್‌ನಲ್ಲಿ ಕೊನೆಯ ಹಾಡು ಹಾಡಿದರು. ಅವರ ಹೊಸ ಆಲ್ಬಮ್ 'ಪ್ಲೇ' ಸೆಪ್ಟೆಂಬರ್ 12ರಂದು ಹೊರಬಂತು. ಅದರ 'ಸಫೈರ್' ಹಾಡಿನ ಚಿತ್ರೀಕರಣ ನಡೆದದ್ದು ಭಾರತದ ಆ ಲೆಗ್‌ನ ದಿನಗಳಲ್ಲಿ, ಅದರಲ್ಲಿ ಅರಿಜಿತ್ ಸಿಂಗ್ ದನಿಯೂ ಇದೆ. ಒಂದು ಆಲ್ಬಮ್ ಹೊರಡಿಸಿದ ಟೂರ್ ಹೀಗೆ ದಾರಿಯಲ್ಲೇ ಇನ್ನೊಂದು ಆಲ್ಬಮ್ಮಿಗೆ ಹಾಡು ಕೂಡಿಸಿಕೊಂಡಿತ್ತು.